ಪಿಟ್ಸ್‌ಬರ್ಗ್‌ನಲ್ಲಿ ಸಮುದ್ರವೇ ಇಲ್ಲ, ‘ಪೈರೇಟ್ಸ್’ ಎಲ್ಲಿಂದ ಬಂದರು?

ಪ್ರಶ್ನೆ: ಅಣ್ಣ ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಬೇಸ್‌ಬಾಲ್ ಟೋಪಿ ತಂದುಕೊಟ್ಟ. ಕಪ್ಪು ಬಟ್ಟೆ, ಮುಂದೆ ಹಳದಿ ದಾರದಲ್ಲಿ ದಪ್ಪಗೆ ‘ಪಿ’. ಮೂರು ನದಿ ಸೇರುವ ಊರಿನ ತಂಡಕ್ಕೆ ‘ಪೈರೇಟ್ಸ್’ ಅಂತ ಕಡಲ್ಗಳ್ಳರ ಹೆಸರು ಯಾಕೆ? ಅಲ್ಲಿನ ಫುಟ್‌ಬಾಲ್ ತಂಡದ್ದೂ ಇದೇ ಬಣ್ಣವಂತೆ!

ಉತ್ತರ 1: ಅದು ಬೈಗುಳ ಮಾರಾಯ್ರೆ. 1890ರಲ್ಲಿ ಆಟಗಾರರು ತಮ್ಮದೇ ಲೀಗ್ ಕಟ್ಟಿದರು, ಒಂದೇ ವರ್ಷಕ್ಕೆ ಮುಚ್ಚಿಹೋಯ್ತು. ಎಲ್ಲರೂ ಹಳೇ ತಂಡಕ್ಕೆ ವಾಪಸ್ ಹೋಗಬೇಕಿತ್ತು, ಆದರೆ ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ನವರು ತಾವು ಉಳಿಸಿಕೊಳ್ಳುವ ಆಟಗಾರರ ಪಟ್ಟಿಯಲ್ಲಿ ಲೂ ಬಿಯರ್‌ಬಾವರ್ ಎಂಬಾತನ ಹೆಸರನ್ನೇ ಸೇರಿಸಿರಲಿಲ್ಲ. ಪಿಟ್ಸ್‌ಬರ್ಗ್‌ನವರು ಸುಮ್ನಿರ್ತಾರಾ? ಎತ್ತಾಕಿಕೊಂಡರು. ಇದು ಕಡಲ್ಗಳ್ಳತನ ಅಂತ ಎದುರಿನವರು ಕೂಗಾಡಿದರು. ಇವರು ಅದನ್ನೇ ಹೆಸರು ಮಾಡಿಕೊಂಡರು!

ಉತ್ತರ 2: ಬಣ್ಣ ಬಹಳ ಆಮೇಲಿನದು. ಮೊದಲು ಕೆಂಪು, ನೀಲಿ ಇತ್ತು. 1948ರಲ್ಲಿ ಕಪ್ಪು-ಹೊನ್ನು ಬಂತು. ಅದು ಊರಿನ ಬಾವುಟದ ಬಣ್ಣ, ಬಾವುಟಕ್ಕೆ ಬಂದಿದ್ದು ಬ್ರಿಟನ್ನಿನ ರಾಜಕಾರಣಿ ವಿಲಿಯಂ ಪಿಟ್ ಮನೆತನದ ಲಾಂಛನದಿಂದ. ಊರಿಗಿರೋದೂ ಆತನ ಹೆಸರೇ. ಫುಟ್‌ಬಾಲ್‌ನ ಸ್ಟೀಲರ್ಸ್, ಐಸ್ ಹಾಕಿಯ ಪೆಂಗ್ವಿನ್ಸ್ ಎಲ್ಲರದ್ದೂ ಅದೇ ಬಣ್ಣ.

ಪ್ರಶ್ನೆ ಕೇಳಿದವರು: ಓಹೋ! ಹಾಗಾದ್ರೆ ಜರ್ಸಿ ಮೇಲೂ ಆಗಲೇ ಪೈರೇಟ್ಸ್ ಅಂತ ಬರೆಸಿದರಾ?

ಉತ್ತರ 1: ಎಲ್ಲಿ! ಅದಕ್ಕೆ 1912 ಆಗಬೇಕಾಯ್ತು.