ಸಹಾಯ ಬೇಕು: ಗಿರಣಿ ಶೆಡ್ಡಿನ ಕೂಸುಗಳಿಗೆ ಲಸಿಕೆ, ಅಂಗನವಾಡಿ
ಗಂಗಾವತಿ, ಕಾರಟಗಿ ಅಕ್ಕಿ ಗಿರಣಿಗಳಿಗೆ ಹೊರರಾಜ್ಯದಿಂದ ಸಂಸಾರ ಸಮೇತ ಬಂದವರ ಪಟ್ಟಿ ಮಾಡಾಕ ಹಿಂದಿ ಬರೋ ಇಬ್ಬರು ಬೇಕಾಗ್ಯಾರ. ಸಂಜೆ 7ರ ಮ್ಯಾಲೆ ಬರ್ರಿ, ಹಗಲು ತಾಯಂದಿರು ಸಿಗೂದಿಲ್ಲ.

ಮೊದಲು ತಾಯಿ ಕಾರ್ಡ್ (ಕೂಸಿನ ಲಸಿಕೆ ಬರೆದಿಟ್ಟ ಕಾರ್ಡ್) ಕೇಳ್ರಿ. ಅದು ಊರಾಗ ಉಳಿದಿದ್ದರ ಅಲ್ಲಿಯ ಆಶಾ ಅಕ್ಕೋರಿಗೆ ಫೋನ್ ಹಚ್ಚಿ ಫೋಟೋ ತರಿಸ್ರಿ. ಬಾಯಿಮಾತಿನ ಲೆಕ್ಕ ನಂಬಬ್ಯಾಡ್ರಿ. ದಡಾರ-ರುಬೆಲ್ಲಾ ಮುಖ್ಯ ನೋಡ್ರಿ: 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗ ಇನ್ನೊಂದು. ಆಧಾರ್ ಇಲ್ಲಂತ ಹಿಂಜರಿತಾರ, ಲಸಿಕೆಗೆ ಅದು ಕಡ್ಡಾಯ ಅಲ್ಲ, ಬಿಡಿಸಿ ಹೇಳ್ರಿ.

6 ತಿಂಗಳಿಂದ 6 ವರ್ಷದವರನ್ನ ಅಂಗನವಾಡಿಗೆ ಸೇರಿಸಬೇಕು. ಹೆಸರು ಅವರೂರಿನ ಅಂಗನವಾಡ್ಯಾಗ ಇದ್ದರ ಪೋಷಣ್ ಟ್ರ್ಯಾಕರ್‌ನಾಗ (ಅಂಗನವಾಡಿಯವರ ಮೊಬೈಲ್ ಆ್ಯಪ್) ವರ್ಗ ಮಾಡಿಸ್ರಿ, ಹೊಸದು ಬರೆಸಬ್ಯಾಡ್ರಿ. 6 ತಿಂಗಳಿಂದ 5 ವರ್ಷದೊಳಗಿನವರ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮಿ ಬಂದರ ಅದು ತೀವ್ರ ಅಪೌಷ್ಟಿಕತೆ ಗುರುತು, ತಡಮಾಡದೆ ಆರೋಗ್ಯ ಕೇಂದ್ರಕ್ಕ ಕರ್ಕೊಂಡು ಹೋಗಬೇಕು. ಅದಕ್ಕೊಂದು ಆಟೋನೂ ಬೇಕ್ರಿ.