ಮೊದಲ ಭಾಗದ ಓಡಾಟ, ಎರಡನೇ ಭಾಗದ ಬರವಣಿಗೆ: ಅನುಭವ ಇದ್ದವರು ಹೇಳ್ರಿ

ಪ್ರಶ್ನೆ (ಕಲಬುರಗಿ): ನಿಜಾಮರ ಕೊನೆಗಾಲದ ಕಾದಂಬರಿಯ ಮೊದಲ ಭಾಗ ಅಚ್ಚಾಗಿ ಮೂರು ತಿಂಗಳಾಯ್ತು. 1/8 ಡೆಮಿ ಅಳತೆ, 240 ಪುಟ, 500 ಪ್ರತಿ, ಬೆಲೆ 300 ರೂಪಾಯಿ. ಎರಡನೇ ಭಾಗ ಅರ್ಧಕ್ಕೆ ಬಂದಿದೆ. ಆಳಂದ, ಶಹಾಪುರ, ಬಸವಕಲ್ಯಾಣ ಅಂತ ಪುಸ್ತಕದ ಸಭೆಗೆ ವಾರಕ್ಕೊಂದು ಕರೆ. ಹೋದರೆ ಬರವಣಿಗೆ ನಿಲ್ಲುತ್ತದೆ, ಹೋಗದಿದ್ದರೆ ಪುಸ್ತಕ ಮೂಲೆ ಸೇರುತ್ತದೆ. ಹೇಗೆ ಹೊಂದಿಸೋದು?

ಬೀದರಿನಿಂದ: ಕರೆದಲ್ಲೆಲ್ಲ ಹೋಗಬ್ಯಾಡ್ರಿ ಸರ್. ತಿಂಗಳಿಗೆ ಎರಡು ಸಲ ಸಾಕು, ಅದೂ ಒಂದ ದಿಕ್ಕಿಗೆ. ಶಹಾಪುರಕ್ಕ ಹೊಂಟ್ರ ಸುರಪುರ, ಯಾದಗಿರಿ ಕೂಡಿಸಿ ಎರಡು ದಿನದಾಗ ಮುಗಿಸ್ರಿ. ಆಳಂದ ಸಂಜೀಗಿ ಹೋಗಿ ರಾತ್ರಿ ಮನಿಗಿ ಬರೋ ಊರು. ನವೆಂಬರ್ ತಿಂಗಳು ರಾಜ್ಯೋತ್ಸವಕ್ಕೇ ಬಿಡ್ರಿ, ಆ ತಿಂಗಳು ಬರಿಯೋದು ಆಗಂಗಿಲ್ಲ. ತೊಗರಿ ರಾಶಿ ನಡದಾಗ ಹಳ್ಳಿ ಕಡೆ ಸಭಾ ಇಟ್ರ ಖುರ್ಚಿನೇ ಕೇಳತಾವ. ಏಪ್ರಿಲ್, ಮೇ ಬಿಸಿಲಿನಾಗ ಯಾರೂ ಕರಿಯಂಗಿಲ್ಲ. ಎರಡನೇ ಭಾಗದ ಕಾಲ ಅದ.

ಹಸ್ತಪ್ರತಿ ತಿದ್ದುವವರು, ಕಲಬುರಗಿ: ಸಮಯಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಥೆಯ ಯಾವುದೋ ಪಾತ್ರ ಹಿಡಿದು "ಅವಳು ಮನೆ ಬಿಟ್ಟದ್ದು ಯಾಕೆ?" ಅಂತ ಎಲ್ಲ ಊರಲ್ಲೂ ಕೇಳುತ್ತಾರೆ. ಒಂದೇ ಉತ್ತರ ಹತ್ತು ಸಲ ಹೇಳಿದ ಮೇಲೆ ಎರಡನೇ ಭಾಗದಲ್ಲಿ ಪಾತ್ರವೂ ಅದನ್ನೇ ಪಾಠ ಒಪ್ಪಿಸತೊಡಗುತ್ತದೆ. ಅಚ್ಚಾದ ಪುಟದಲ್ಲಿ ಇದ್ದಷ್ಟೇ ಹೇಳಿ. "ಮುಂದೇನು?" ಅಂದರೆ ನಕ್ಕು ಬಿಡಿ, ಬಾಯಿ ಬಿಟ್ಟರೆ ಆಮೇಲೆ ಕಥೆ ಬದಲಿಸೋಕೆ ನಿಮಗೇ ಸಂಕೋಚ.

ಒಂದು ಉದ್ದ ರಿಜಿಸ್ಟರ್ ಮಾಡಿ. ಪಾತ್ರಕ್ಕೆ ಎರಡು ಪುಟ: ವಯಸ್ಸು, ಮನೆ ಬಾಗಿಲ ದಿಕ್ಕು, ಯಾರು ಯಾರನ್ನು ಏನಂತ ಕರೆಯುತ್ತಾರೆ, ಮೊದಲ ಭಾಗದ ಪುಟ ಸಂಖ್ಯೆ ಸಮೇತ. ಮೊದಲ ಭಾಗದಲ್ಲಿ "ಕಾಕಾ" ಆದವರು ಎರಡನೆಯದರಲ್ಲಿ "ಚಿಕ್ಕಪ್ಪ" ಆದರೆ ನಮ್ಮ ಕಡೆಯ ಓದುಗ ತಕ್ಷಣ ಹಿಡಿಯುತ್ತಾನೆ.

ಕೊನೆಯ ನಾಲ್ಕು ಪುಟ ತಾರೀಖು ಮತ್ತು ದುಡ್ಡಿಗೆ. ನಿಮ್ಮ ಕಾಲದ ಕಥೆಯಲ್ಲಿ ಎಡವೋದು ಅಲ್ಲೇ. ಹೈದರಾಬಾದ್ ಸಂಸ್ಥಾನದ ಕಾಗದಪತ್ರದಲ್ಲಿ ಬಳಸುತ್ತಿದ್ದ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು. ಹಾಗಾಗಿ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17 ಅಂದರೆ ಫಸಲಿ 1357. ಅದೇ ವರ್ಷದ ದೀಪಾವಳಿ ಹೊತ್ತಿಗೆ 1358. ಎಲ್ಲ ತಿಂಗಳಿಗೂ ಇಸವಿಯಿಂದ 590 ಕಳೆದುಬಿಟ್ಟರೆ ಕಾಗದಪತ್ರದ ದೃಶ್ಯ ಒಂದು ವರ್ಷ ಜಾರುತ್ತದೆ. ಸಂಸ್ಥಾನದ ಸ್ವಂತ ನಾಣ್ಯ ಹಾಲಿ ಸಿಕ್ಕಾ, ಅದರ 7 ರೂಪಾಯಿಗೆ ಭಾರತದ 6 ರೂಪಾಯಿ. ವಿಲೀನದ ನಂತರವೂ ಕೆಲವು ವರ್ಷ ಎರಡೂ ಚಲಾವಣೆಯಲ್ಲಿದ್ದವು, ಆದ್ದರಿಂದ ಸಾಲಗಾರ ಯಾವ ರೂಪಾಯಿ ಎಣಿಸಿದ ಅಂತ ಬರೆದಿಡಿ. 1950ರ ಪಾತ್ರ "ಯಾದಗಿರಿ ಜಿಲ್ಲೆ" ಅನ್ನಬಾರದು, ಆಗ ಅದು ಗುಲ್ಬರ್ಗಾ ಜಿಲ್ಲೆಯ ತಾಲೂಕು. ಊರಿಗೆ ಕಲಬುರಗಿ ಅಂತ ಅಧಿಕೃತ ಹೆಸರು ಬಂದದ್ದೂ 2014ರಲ್ಲಿ.

ಸಭೆಯಲ್ಲಿ ಓದುವ ಪ್ರತಿ ಒಂದೇ ಇರಲಿ, ಪೆನ್ಸಿಲ್ ಜೊತೆ. ಗಟ್ಟಿಯಾಗಿ ಓದುವಾಗ ನಾಲಿಗೆ ತಡವರಿಸಿದ ಸಾಲಿಗೆ ಗೆರೆ ಎಳೆಯಿರಿ. ಅಕ್ಷರ ತಪ್ಪು ಮರುಮುದ್ರಣಕ್ಕೆ. ಸಂಗತಿ ತಪ್ಪಾದರೆ ರಿಜಿಸ್ಟರಿಗೆ. ಎರಡನ್ನೂ ಕಲಸಬೇಡಿ.

ಪ್ರಕಾಶನದ ಕಡೆಯವರು, ಯಾದಗಿರಿ: 500ರಲ್ಲಿ 75 ಪ್ರತಿ ಈಗಲೇ ಕಟ್ಟಿ ಎತ್ತಿಡಿ ಸರ್. ಎರಡನೇ ಭಾಗ ಬಂದ ದಿನ ಜನ ಮೊದಲನೆಯದು ಕೇಳುತ್ತಾರೆ, ಅದಿಲ್ಲ ಅಂದರೆ ಎರಡೂ ಕೊಳ್ಳಲ್ಲ. 240 ಪುಟ ಅಂದರೆ 16 ಪುಟದ 15 ಫಾರಂ (ಒಂದು ಹಾಳೆ ಅಚ್ಚು ಮಾಡಿ ಮಡಚಿದ ಕಟ್ಟು). ಮರುಮುದ್ರಣದಲ್ಲಿ ಪುಟ ಮುಂದಕ್ಕೆ ತಳ್ಳುವಂಥ ತಿದ್ದುಪಡಿ ಬೇಡ, ರಿಜಿಸ್ಟರಿನ ಪುಟ ಸಂಖ್ಯೆಯೆಲ್ಲ ಹಾಳು. ಅಂಗಡಿಗೆ ಶೇ. 35 ಬಿಟ್ಟರೆ ನಿಮಗೆ ಉಳಿಯೋದು 195 ರೂಪಾಯಿ, ಅಚ್ಚಿನ ಖರ್ಚು ಅದರಲ್ಲೇ. ಸಭೆಗೆ ಒಯ್ದ ಪ್ರತಿ, ಮಾರಿದ್ದು, ಗೌರವ ಪ್ರತಿ, ಮೂರನ್ನೂ ಅವತ್ತೇ ಬರೆದಿಡಿ. ಗೌರವ ಪ್ರತಿಯಲ್ಲೇ ಪುಸ್ತಕ ಕರಗೋದು, ವೇದಿಕೆ ಮೇಲಿದ್ದವರೆಲ್ಲ ಕೈ ಚಾಚುತ್ತಾರೆ.

ಅಂಚೆಗೆ 2025ರ ಮೇ 1ರಿಂದ ಪುಸ್ತಕ ಕಳಿಸೋಕೆ ಜ್ಞಾನ ಪೋಸ್ಟ್ ಸೇವೆ ಇದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ನಿಮ್ಮ ಪುಸ್ತಕ ಹೆಚ್ಚುಕಡಿಮೆ 300 ಗ್ರಾಂ ಗಡಿಯಲ್ಲೇ ಇರುತ್ತದೆ, ದಪ್ಪ ರಟ್ಟು ಹಾಕಿದರೆ ದಾಟುತ್ತದೆ. ಸುತ್ತಿದ ಮೇಲೆ ತೂಗಿ. ಒಳಗೆ ಎರಡನೇ ಭಾಗದ ಜಾಹೀರಾತು ಚೀಟಿ ತುರುಕಬೇಡಿ.

ಸುರಪುರದಿಂದ: ಬಸ್ಸಿನಾಗ ಬರೀತೀನಿ ಅನ್ನೋದು ಬಿಡ್ರಿ, ಅಲ್ಲಿ ಪ್ರೂಫ್ ನೋಡಬಹುದು ಅಷ್ಟ. ಊರು ಬಿಡೋ ಹಿಂದಿನ ರಾತ್ರಿ ಅಧ್ಯಾಯ ಮುಗಿಸಬ್ಯಾಡ್ರಿ. ದೃಶ್ಯದ ನಡುವ ನಿಲ್ಲಿಸಿ, ಮುಂದ ಯಾರು ಬಾಯಿ ತೆರೀತಾರ ಅಂತ ಮೂರು ಸಾಲು ಗೀಚಿ ಹೋಗ್ರಿ. ಬಂದ ಮ್ಯಾಲ ಆ ಮೂರು ಸಾಲು ಇದ್ರ ಅವತ್ತೇ ಕೂಡಬಹುದು, ಇಲ್ಲಾಂದ್ರ ಮೊದಲಿಂದ ಓದಕೋತ ವಾರ ಹೋಗತದ.