ಚಳ್ಳೆಹಣ್ಣು ತಿನ್ನಿಸಿದ್ದು ಯಾರಿಗೆ?

ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅಣ್ಣನ ಮಗಳು ಮೊನ್ನೆ ಶಿರಸಿಗೆ ಬಂದಿದ್ದಳು. ಪೇಪರ್ ಓದುತ್ತಿದ್ದವಳು ತಲೆ ಎತ್ತಿ, "ಚಿಕ್ಕಪ್ಪ, ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಕಳ್ಳ ಪರಾರಿ ಅಂತಿದೆ. ಅದು ವಿಷದ ಹಣ್ಣಾ?" ಎಂದಳು. ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ, ಆ ಹಣ್ಣಿಗೂ ಮೋಸಕ್ಕೂ ಏನು ಸಂಬಂಧ ಎಂದು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹಣ್ಣು ಮಾತ್ರ ಚೆನ್ನಾಗಿ ಗೊತ್ತು. ನಮ್ಮ ಸೊಪ್ಪಿನ ಬೆಟ್ಟದ ಅಂಚಿಗೆ ಒಂದು ಚಳ್ಳೆ ಮರ ಇತ್ತು. ನೆಲ್ಲಿಕಾಯಿಗಿಂತ ಸಣ್ಣ ಹಣ್ಣು, ಮಾಸಲು ಹಳದಿ, ಹಣ್ಣಾದಂತೆ ಸ್ವಲ್ಪ ಗುಲಾಬಿ. ಹಿಚುಕಿದರೆ ಬೀಜ ಜಾರಿ ಹೊರಗೆ ಬಂದು, ಹಿಂದೆಯೇ ಗಾಜಿನಂಥ ಲೋಳೆ ಎಳೆ ಎಳೆಯಾಗಿ ಬರುತ್ತದೆ. ಬೆರಳಿಗೆ ಹತ್ತಿದರೆ ಉಜ್ಜಿದಷ್ಟೂ ಅಂಟು. ನಾವು ಪಟ್ಟಿ ಪುಸ್ತಕಕ್ಕೆ ಹೆಸರಿನ ಚೀಟಿ ಅಂಟಿಸಿದ್ದು ಇದರಲ್ಲೇ, ಗೋಂದಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ತಿಂದರೆ ಸಪ್ಪೆ ಸಿಹಿ, ತುಟಿ ಹಲ್ಲೆಲ್ಲ ಮೆತ್ತಿಕೊಂಡು ಸ್ವಲ್ಪ ಹೊತ್ತು ಮಾತು ಬಂದ್. ಸಂಸ್ಕೃತದಲ್ಲಿ ಇದಕ್ಕೆ 'ಶ್ಲೇಷ್ಮಾತಕ' ಎಂಬ ಹೆಸರು. ಶ್ಲೇಷ್ಮ ಅಂದರೆ ಕಫ. ಹೆಸರಿಟ್ಟವನು ತಿಂದು ನೋಡಿಯೇ ಇಟ್ಟಿರಬೇಕು. ಮರಾಠಿಯವರ 'ಭೋಕರ'ವೂ ಇದೇ, ಅವರು ಉಪ್ಪಿನಕಾಯಿ ಹಾಕುತ್ತಾರೆ.

ಹಾಗಾಗಿ ನನ್ನ ಊಹೆ ಇಷ್ಟು: ತಿಂದವನು ಬಾಯಿಯ ಅಂಟು ಬಿಡಿಸಿಕೊಳ್ಳುವುದರೊಳಗೆ ತಿನ್ನಿಸಿದವನು ಗುಡ್ಡ ದಾಟಿರುತ್ತಾನೆ. ಹಕ್ಕಿ ಹಿಡಿಯುವವರು ಕೊಂಬೆಗೆ ಬಳಿಯುವ ಅಂಟನ್ನು ಈ ಹಣ್ಣಿನಿಂದಲೂ ಮಾಡುತ್ತಿದ್ದರು. ಆದರೆ ಅಲ್ಲಿಂದ ನುಡಿಗಟ್ಟು ಬಂದಿದ್ದರೆ 'ಹಚ್ಚು' ಎನ್ನುತ್ತಿದ್ದೆವು, 'ತಿನ್ನಿಸು' ಎನ್ನುತ್ತಿರಲಿಲ್ಲ.

ನನ್ನ ಗಮನಕ್ಕೆ ಬಂದ ಇನ್ನೊಂದು ಸಂಗತಿ ಇದೆ. ಚಳ್ಳೆಹಣ್ಣು ತಿನ್ನುವವರು ಯಾವಾಗಲೂ ಬಲಿಷ್ಠರೇ: ಪೊಲೀಸರು, ಅರಣ್ಯದವರು, ಕೆಲವೊಮ್ಮೆ ಹೆಡ್ ಮಾಸ್ತರರು. ಬಡವನ ದುಡ್ಡು ನುಂಗಿದರೆ ಅದು ಟೋಪಿ ಅಥವಾ ಪಂಗನಾಮ. 'ವಿಧವೆಗೆ ಚಳ್ಳೆಹಣ್ಣು ತಿನ್ನಿಸಿದ' ಎಂದು ನಾನಂತೂ ಕೇಳಿಲ್ಲ. ಈ ಮಾತಿನೊಳಗೆ ಓಡಿಹೋದವನ ಬಗ್ಗೆ ಒಂಚೂರು ಮೆಚ್ಚುಗೆಯೂ ಕೂತಿದೆ. ಈ ಲೆಕ್ಕಕ್ಕೆ ಹಿಡಿದರೆ, ನಮ್ಮ ಜಿಲ್ಲೆಯ ಅತಿ ದೊಡ್ಡ ಚಳ್ಳೆಹಣ್ಣು ರಾವಣ ತಿಂದದ್ದು. ಗೋಕರ್ಣದ ಕಡಲ ದಂಡೆಯಲ್ಲಿ ಸಂಧ್ಯಾವಂದನೆಗೆ ಕೂರುವಾಗ ಆತ್ಮಲಿಂಗವನ್ನು ಮಾಣಿಯ ಕೈಗೆ ಕೊಟ್ಟ. ಗಣಪತಿ ಮೂರು ಸಲ ಕರೆದು ನೆಲಕ್ಕಿಟ್ಟ. ಕಥೆಯಲ್ಲಿ ಹಣ್ಣು ಎಲ್ಲೂ ಇಲ್ಲ, ಆದರೂ ಅದಕ್ಕೆ ಬೇರೆ ಯಾವ ಮಾತೂ ಇಷ್ಟು ಹೊಂದುವುದಿಲ್ಲ.

ದೊಡ್ಡಪ್ಪನ ಬಾಯಲ್ಲಿದ್ದ ಶಬ್ದ ಬೇರೆ. ಅಡಿಕೆ ತಗೊಂಡು ಹೋಗಿ ದುಡ್ಡು ಕೊಡದ ಒಬ್ಬ ವ್ಯಾಪಾರಿಯ ಬಗ್ಗೆ, "ತಮಾ, ಅಂವ ಪಕ್ಕಾ ಚಾರ್‌ಸೌಬೀಸ. ಅವ್ನ ನಂಬಡ" ಎನ್ನುತ್ತಿದ್ದ. ಇದರ ಹುಟ್ಟು ಕಾಗದದ ಮೇಲೇ ಇದೆ: ಭಾರತೀಯ ದಂಡ ಸಂಹಿತೆಯ 420ನೇ ಕಲಮು, ವಂಚಿಸಿ ಸ್ವತ್ತು ಲಪಟಾಯಿಸಿದವನಿಗೆ 7 ವರ್ಷದವರೆಗೆ ಜೈಲು. ಆ ಸಂಹಿತೆ ಜಾರಿಗೆ ಬಂದದ್ದು 1862ರಲ್ಲಿ. ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಹೋದದ್ದೂ ಅದೇ ವರ್ಷ. 1956ರವರೆಗೆ ಅಲ್ಲೇ ಇದ್ದೆವು. ಮೈಸೂರು ಕಡೆಯ ನೆಂಟರು 'ಫೋರ್‌ಟ್ವೆಂಟಿ' ಎನ್ನುವಲ್ಲಿ ನಮ್ಮ ಹಿರಿಯರು ಹಿಂದಿಯಲ್ಲೇ ಎಣಿಸಿದ್ದಕ್ಕೆ ಮುಂಬಯಿ ಸಹವಾಸವೇ ಕಾರಣ ಎನಿಸುತ್ತದೆ. 2024ರ ಜುಲೈ 1ರಿಂದ ಆ ಅಪರಾಧ ನ್ಯಾಯ ಸಂಹಿತೆಯ 318(4)ಕ್ಕೆ ಸರಿದಿದೆ. ಹೊಸ ಸಂಹಿತೆಯಲ್ಲಿ ಇರುವುದೇ 358 ಕಲಮು, 420 ಎಂಬ ನಂಬರೇ ಇಲ್ಲ. 'ಅಂವ ತೀನ್‌ಸೌಅಠಾರಾ' ಎಂದು ಯಾರೂ ಬೈಯಲಾರರು ಬಿಡಿ.

ಈಗ ನನ್ನ ಪ್ರಶ್ನೆಗಳು. ಅಮರಕೋಶದಲ್ಲಿ ಶ್ಲೇಷ್ಮಾತಕದ ಜೊತೆಗೇ 'ಶೇಲು' ಎಂಬ ಹೆಸರೂ ಇದೆ; ಶೇಲುವಿಗೂ ಚಳ್ಳೆಗೂ ನೆಂಟಸ್ತಿಕೆ ಇದೆಯೇ, ಬರೇ ಸದ್ದಿನ ಹೋಲಿಕೆಯೇ? ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಪೇಪರಿನಲ್ಲಲ್ಲ, ಮನೆಮಾತಿನಲ್ಲಿ ಚಳ್ಳೆಹಣ್ಣು ತಿನ್ನಿಸುತ್ತಾರೆಯೇ? ಕೈಲಾಗದವನಿಗೆ ತಿನ್ನಿಸಿದ ಒಂದು ಉದಾಹರಣೆ ಯಾರ ಬಳಿಯಾದರೂ ಇದ್ದರೆ ಕೊಡಿ, ನನ್ನ ಊಹೆ ವಾಪಸ್ ತೆಗೆದುಕೊಳ್ಳುತ್ತೇನೆ.